ಬಂಡೆ ಅಲ್ಲಿ ಸಿಡಿದರೆ ಗೋಡೆ ಇಲ್ಲಿ ಬಿರಿಯುವುದೇ?

ನೈರೋಬಿ ನಗರವನ್ನು ಕಟ್ಟಿರುವುದು ಎರಡು ಬಗೆಯ ಕಲ್ಲಿನಿಂದ. ಗೋಡೆಗೆ ಮೆದು ಕಲ್ಲು, ಕಾಂಕ್ರೀಟಿಗೆ ಗಟ್ಟಿ ಕಲ್ಲು. ಮೆದು ಕಲ್ಲೆಂದರೆ ಲಕ್ಷಾಂತರ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಉಗುಳಿದ ಬೂದಿ ಪದರಗಟ್ಟಿ ಬಿಗಿದುಕೊಂಡ ಟಫ್. ಥೀಕಾ ಕಡೆಗೆ ಹೋಗುವ ದಾರಿಯಲ್ಲಿ ಜುಜಾ ಸುತ್ತಮುತ್ತ ಇದನ್ನು ಉಳಿ ಸುತ್ತಿಗೆಯಿಂದಲೋ ಯಂತ್ರದ ಗರಗಸದಿಂದಲೋ ಚೌಕವಾಗಿ ಕೊಯ್ದು ಲಾರಿಗೆ ತುಂಬುತ್ತಾರೆ. ಇದಕ್ಕೆ ಸಿಡಿಮದ್ದು ಬೇಕಿಲ್ಲ. ಜಲ್ಲಿಗೆ ಬಳಸುವ ಫೋನೊಲೈಟ್ ಮಾತ್ರ ಬೇರೆ ಜಾತಿಯದು. ಅದು ಹರಿದು ಬಂದು ತಣಿದ ಲಾವಾ. ಕಪ್ಪು ಛಾಯೆಯ, ಸಣ್ಣ ಕಣದ ಈ ಗಟ್ಟಿ ಬಂಡೆ ಉಳಿಗೆ ಬಗ್ಗುವುದಿಲ್ಲ. ಕುಳಿ ಕೊರೆದು, ಮದ್ದು ತುಂಬಿ ಸಿಡಿಸಿದರೆ ಮಾತ್ರ ಕ್ರಷರ್ ಬಾಯಿಗೆ ಬೀಳುವ ಗಾತ್ರಕ್ಕೆ ಬರುತ್ತದೆ. ನಗರದ ಪೂರ್ವ ಮತ್ತು ಆಗ್ನೇಯಕ್ಕೆ ಎಂಬಾಕಾಸಿ, ಕಾಯೋಲೆ, ಎನ್‌ಜಿರು, ಗಡಿ ದಾಟಿದರೆ ಮಚಾಕೋಸ್ ಕೌಂಟಿಯ ಮ್ಲೊಲೊಂಗೊ, ಕಟಾನಿ ಭಾಗಗಳು ಕಲ್ಲುಕ್ವಾರಿಗಳಿಗೆ ಹೆಸರಾದವು.

ಈ ಕ್ವಾರಿಗಳು ತೆರೆದಾಗ ಬಹುಪಾಲು ಸುತ್ತ ಬಯಲೇ ಇತ್ತು. ಊರು ಆಮೇಲೆ ಅವುಗಳ ಬಳಿಗೆ ಬಂತು. 1999ರ ಜನಗಣತಿಯಲ್ಲಿ ನೈರೋಬಿಯ ಜನಸಂಖ್ಯೆ ಸುಮಾರು 21.4 ಲಕ್ಷ. 2019ರ ಹೊತ್ತಿಗೆ ಅದು ಸುಮಾರು 44 ಲಕ್ಷ. ಇಪ್ಪತ್ತು ವರ್ಷದಲ್ಲಿ ಎರಡು ಪಟ್ಟಾದ ಊರಿಗೆ ಮನೆ ಬೇಕು, ಮನೆಗೆ ಜಲ್ಲಿ ಬೇಕು, ಜಲ್ಲಿ ಹತ್ತಿರದಲ್ಲೇ ಸಿಕ್ಕರೆ ಲಾರಿ ಬಾಡಿಗೆ ಉಳಿಯುತ್ತದೆ. 2022ರಲ್ಲಿ ತೆರೆದ, ಸುಮಾರು 27 ಕಿಲೋಮೀಟರ್ ಉದ್ದದ ನೈರೋಬಿ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಮ್ಲೊಲೊಂಗೊದಿಂದಲೇ. ಡಾಂಡೋರಾದಲ್ಲಿ ಇಡೀ ನಗರದ ಕಸ ಸುರಿಯುವ ಗುಡ್ಡೆ ಇರುವ ಜಾಗವೂ ಒಂದು ಕಾಲದ ಕಲ್ಲುಕ್ವಾರಿ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿ ಗುಂಡಿಗಳ ಪಾಡೂ ಅದೇ ಆಗಿದೆ.

ಜನವಸತಿ ಇರುವ ಕಡೆ ಕ್ವಾರಿ ಇದ್ದರೆ ಜಗಳವೂ ಇರುತ್ತದೆ. ಮನೆಯವರು ಹೇಳುವುದು ಒಂದೇ ಮಾತು: ಬ್ಲಾಸ್ಟಿಂಗ್ ಆದಾಗ ಮನೆ ನಡುಗಿತು, ಗೋಡೆ ಬಿರುಕು ಬಿಟ್ಟಿತು. ಕ್ವಾರಿಯವರ ಉತ್ತರವೂ ಒಂದೇ: ನಮ್ಮ ಸ್ಫೋಟ ಮಿತಿಯೊಳಗೇ ಇದೆ, ಬಿರುಕು ನಿಮ್ಮ ಕಳಪೆ ಕಟ್ಟಡದ್ದು. ನೈರೋಬಿಯಿಂದ ಪಾಂಡವಪುರದವರೆಗೆ ಈ ಸಂಭಾಷಣೆಯ ಸಾಲುಗಳು ಬದಲಾಗುವುದಿಲ್ಲ. ಎರಡೂ ಕಡೆ ಒಂದಿಷ್ಟು ನಿಜವಿದೆ. ಆದರೆ ಆ ನಿಜವನ್ನು ಅಳೆದು ತೋರಿಸುವ ಅನುಕೂಲ ಇರುವುದು ಒಂದು ಕಡೆಯವರಿಗೆ ಮಾತ್ರ. ಈ ಲೇಖನ ಬರೆಯಲು ಅದೇ ಕಾರಣ.

ನೆಲದೊಳಗೆ ನಡೆಯುವುದು

ಕ್ವಾರಿಯಲ್ಲಿ ಸಾಮಾನ್ಯವಾಗಿ ಬಳಸುವ ಮದ್ದು ಅಮೋನಿಯಂ ನೈಟ್ರೇಟ್ ಹರಳಿಗೆ ನೂರಕ್ಕೆ ಆರು ಪಾಲಿನಷ್ಟು ಡೀಸೆಲ್ ಬೆರೆಸಿದ್ದು, ಅಥವಾ ಎಮಲ್ಷನ್ ತುಂಬಿದ ಕೊಳವೆಗಳು. ಕೇಪು ಸಿಡಿದೊಡನೆ ಕುಳಿಯುದ್ದಕ್ಕೂ ಸ್ಫೋಟ ಸೆಕೆಂಡಿಗೆ ಸಾವಿರಾರು ಮೀಟರ್ ವೇಗದಲ್ಲಿ ಓಡುತ್ತದೆ. ಕುಳಿಯ ಗೋಡೆಗೆ ಅಂಟಿದ ಬಂಡೆ ಪುಡಿಯಾಗುತ್ತದೆ. ಅದರಾಚೆ ಬಿರುಕುಗಳು ಸುತ್ತ ಹರಡುತ್ತವೆ. ಆಮೇಲೆ ಬಿಸಿ ಅನಿಲ ಆ ಬಿರುಕುಗಳಿಗೆ ನುಗ್ಗಿ ಬಂಡೆಯನ್ನು ಖಾಲಿ ಮುಖದ ಕಡೆಗೆ ತಳ್ಳುತ್ತದೆ. ಕ್ವಾರಿಯವನಿಗೆ ಬೇಕಾದ ಕೆಲಸ ಇಷ್ಟೇ. ಬಂಡೆ ಒಡೆಯಲು ಖರ್ಚಾಗದೆ ಉಳಿದ ಶಕ್ತಿ ಅಲೆಯಾಗಿ ನೆಲದೊಳಗೆ ಹೊರಟುಬಿಡುತ್ತದೆ. ಹಾಗೆ ನೋಡಿದರೆ ಪಕ್ಕದ ಮನೆ ನಡುಗುವುದು ಕ್ವಾರಿಯವನಿಗೂ ನಷ್ಟದ ಬಾಬತ್ತೇ. ಅವನು ಕಾಸು ಕೊಟ್ಟು ತಂದ ಮದ್ದು ಕಲ್ಲನ್ನು ಒಡೆಯದೆ ಊರನ್ನು ಅಲುಗಿಸಲು ಹೋಗಿರುತ್ತದೆ.

ಇಲ್ಲಿ ಎರಡು ವೇಗಗಳನ್ನು ಬೇರೆ ಮಾಡಿ ನೋಡಬೇಕು. ಅಲೆ ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಮೂರು ನಾಲ್ಕು ಸಾವಿರ ಮೀಟರ್ ಓಡುತ್ತದೆ. ಅಲೆ ಹಾದುಹೋಗುವಾಗ ನೆಲದ ಒಂದೊಂದು ಕಣ ಮಾತ್ರ ತಾನಿದ್ದಲ್ಲೇ ಹಿಂದೆ ಮುಂದೆ ತುಸು ತೂಗುತ್ತದೆ. ಗಾಳಿ ಬೀಸಿದಾಗ ರಾಗಿ ಹೊಲದ ಈ ಬದುವಿನಿಂದ ಆ ಬದುವಿಗೆ ಅಲೆ ಓಡಿದರೂ ಪ್ರತಿ ತೆನೆ ತನ್ನ ಬುಡದ ಮೇಲೆಯೇ ಬಾಗಿ ಏಳುತ್ತದಲ್ಲ, ಹಾಗೆ. ಕಟ್ಟಡಕ್ಕೆ ಪೆಟ್ಟು ಬೀಳುವುದು ಆ ತೂಗಾಟದ ವೇಗದಿಂದ. ಇದನ್ನು ಕಣದ ಗರಿಷ್ಠ ವೇಗ ಎನ್ನುತ್ತಾರೆ. ಎಂಜಿನಿಯರುಗಳ ಬಾಯಲ್ಲಿ ಇದು ‘ಪಿಪಿವಿ’. ಅಳತೆ ಸೆಕೆಂಡಿಗೆ ಮಿಲಿಮೀಟರ್ ಲೆಕ್ಕದಲ್ಲಿ. ಸೆಕೆಂಡಿಗೆ ಅರ್ಧ ಅಥವಾ ಒಂದು ಮಿಲಿಮೀಟರ್ ಇದ್ದರೂ ಮನೆಯೊಳಗೆ ಕೂತವರಿಗೆ ಗೊತ್ತಾಗುತ್ತದೆ. ಐದು ದಾಟಿದರೆ ಎದೆ ಝಲ್ಲೆನ್ನುತ್ತದೆ. ಗಾರೆಯಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಬೇಕು. ಅಂದರೆ ನಮ್ಮ ಮೈಗೆ ಅಪಾಯ ಎನಿಸುವ ಮಟ್ಟಕ್ಕೂ ಗೋಡೆಗೆ ಅಪಾಯವಾಗುವ ಮಟ್ಟಕ್ಕೂ ನಡುವೆ ಅಂತರವಿದೆ. ಇದನ್ನೇ ಹಿಡಿದುಕೊಂಡು ‘ನಿಮ್ಮದು ಬರೀ ಹೆದರಿಕೆ’ ಎಂದು ಮನೆಯವರ ಬಾಯಿ ಮುಚ್ಚಿಸುವುದು ನನಗೆ ಒಪ್ಪಿಗೆಯಾಗದ ಮಾತು. ಹೆದರಿಕೆಯೂ ಹಾನಿಯೇ. ಮಗು ಮಲಗಿದ ಹೊತ್ತಿನಲ್ಲಿ ಪಾತ್ರೆ ಗಲಗಲ ಎಂದರೆ ಆ ಮನೆಯ ತಾಯಿಗೆ ಮಿಲಿಮೀಟರ್ ಲೆಕ್ಕ ಸಮಾಧಾನ ಕೊಡುವುದಿಲ್ಲ.

ಗಾಳಿಯಲ್ಲಿ ಬರುವ ಒತ್ತಡದ ಪೆಟ್ಟು ಇನ್ನೊಂದು. ಕಿಟಕಿ ಗಾಜು, ತಗಡಿನ ಚಾವಣಿ, ಬಾಗಿಲ ಚಿಲಕ ಅದುರುವುದು ಬಹಳ ಸಲ ಅದರಿಂದಲೇ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು ಕ್ವಾರಿ ಬಳಿ ಸ್ಫೋಟಕ ತುಂಬಿದ್ದ ವಾಹನ ಸಿಡಿದಾಗ ಪಕ್ಕದ ಜಿಲ್ಲೆಗಳ ಜನರೂ ಭೂಕಂಪವೆಂದು ಮನೆಯಿಂದ ಹೊರಗೆ ಓಡಿದರು. ಕುಳಿಯೊಳಗೆ ಹೂತು, ಬಾಯಿ ಬಿಗಿದು ಸಿಡಿಸಿದ ಮದ್ದಿಗೂ ಬಯಲಲ್ಲಿ ಸಿಡಿದ ಮದ್ದಿಗೂ ಇರುವ ವ್ಯತ್ಯಾಸ ಆ ರಾತ್ರಿ ತಿಳಿಯಿತು. ಬಯಲಿನಲ್ಲಿ ಸಿಡಿದಾಗ ಶಕ್ತಿಯ ಬಹುಭಾಗ ಗಾಳಿಗೇ ಹೋಗುತ್ತದೆ, ಗಾಳಿಯ ಪೆಟ್ಟು ಬಲು ದೂರ ಮುಟ್ಟುತ್ತದೆ.

ನೆಲದ ಕಂಪನ ಎಷ್ಟಿರಬಹುದೆಂದು ಮೊದಲೇ ಅಂದಾಜು ಮಾಡಲು ಒಂದು ಸರಳ ಸೂತ್ರವಿದೆ. ಮನೆಗೂ ಕುಳಿಗೂ ಇರುವ ದೂರವನ್ನು, ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದಿನ ತೂಕದ ವರ್ಗಮೂಲದಿಂದ ಭಾಗಿಸಬೇಕು. ಬಂದ ಸಂಖ್ಯೆ ದೊಡ್ಡದಾದಷ್ಟೂ ಕಂಪನ ಕಡಿಮೆ. ಆಸ್ಟ್ರೇಲಿಯಾದ ಮಾನದಂಡ ಸಾಧಾರಣ ನೆಲಕ್ಕೆ ಹೇಳುವ ಗುಣಾಂಕಗಳನ್ನು ಹಾಕಿ ಲೆಕ್ಕ ಮಾಡಿ ನೋಡಿ. ಒಂದು ಕ್ಷಣಕ್ಕೆ 50 ಕೆ.ಜಿ. ಮದ್ದು ಸಿಡಿದರೆ 300 ಮೀಟರ್ ದೂರದ ಮನೆಯಲ್ಲಿ ಸೆಕೆಂಡಿಗೆ 3 ಮಿಲಿಮೀಟರಿಗಿಂತ ತುಸು ಕಡಿಮೆ. ಅದೇ ಮದ್ದಿಗೆ 100 ಮೀಟರ್ ದೂರದಲ್ಲಿ ಸುಮಾರು 16. ದೂರ ಎರಡು ಪಟ್ಟಾದರೆ ಕಂಪನ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮದ್ದು ನಾಲ್ಕು ಪಟ್ಟಾದರೆ ಮೂರು ಪಟ್ಟು ಏರುತ್ತದೆ.

ಈ ಸೂತ್ರದಲ್ಲಿ ‘ಒಂದೇ ಕ್ಷಣದಲ್ಲಿ’ ಎಂಬುದೇ ಜೀವಾಳ. ಒಂದು ಬಾರಿಗೆ ಒಟ್ಟು ಎಷ್ಟು ಮದ್ದು ಬಳಸಿದರು ಎಂಬುದಕ್ಕಿಂತ ಅದನ್ನು ಎಷ್ಟು ಕಂತುಗಳಲ್ಲಿ ಸಿಡಿಸಿದರು ಎಂಬುದು ಮುಖ್ಯ. ನಲವತ್ತು ಕುಳಿಗಳನ್ನು ಒಟ್ಟಿಗೆ ಸಿಡಿಸುವ ಬದಲು ಒಂದೊಂದರ ನಡುವೆ 17 ಅಥವಾ 25 ಮಿಲಿಸೆಕೆಂಡು ಬಿಡುವು ಕೊಟ್ಟರೆ ಅಲೆಗಳು ಒಂದರ ಮೇಲೊಂದು ಪೇರಿಕೊಳ್ಳುವುದು ತಪ್ಪುತ್ತದೆ. ಎಂಟು ಮಿಲಿಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಸಿಡಿದ ಕುಳಿಗಳನ್ನು ಲೆಕ್ಕಕ್ಕೆ ಒಂದೇ ಎಂದು ಹಿಡಿಯುವುದು ಹಳೆಯ ರೂಢಿ. ಕಿವಿಗೆ ಎಲ್ಲವೂ ಒಂದೇ ಸದ್ದಿನಂತೆ ಕೇಳಿಸೀತು, ಗೋಡೆಗೆ ಅದರ ವ್ಯತ್ಯಾಸ ಗೊತ್ತು. ಒಳ್ಳೆಯ ಡಿಲೇ ಕೇಪುಗಳಿಗೆ ಹಣ ಹೆಚ್ಚು. ಊರಿನ ಗೋಡೆ ಉಳಿಯುವುದೂ ಬಿಡುವುದೂ ಬಹುಮಟ್ಟಿಗೆ ಆ ಹಣದ ಮೇಲೆ ನಿಂತಿದೆ.

ಒಂದು ಸಂಖ್ಯೆ ಸಾಲದು

ಕೀನ್ಯಾದಲ್ಲಿ ಇದಕ್ಕೆ ಕಾನೂನಿದೆ. 1999ರ ಪರಿಸರ ಕಾಯ್ದೆಯಡಿ 2009ರಲ್ಲಿ ತಂದ ಶಬ್ದ ಮತ್ತು ಅತಿಕಂಪನ ನಿಯಂತ್ರಣ ನಿಯಮಗಳು ಕಂಪನದ ಮೂಲವಿರುವ ಜಮೀನಿನ ಗಡಿಯಾಚೆ ಸೆಕೆಂಡಿಗೆ 0.5 ಸೆಂಟಿಮೀಟರ್, ಅಂದರೆ 5 ಮಿಲಿಮೀಟರ್ ಮೀರಬಾರದೆಂದು ಹೇಳುತ್ತವೆ. ನೋಡಿಕೊಳ್ಳಬೇಕಾದದ್ದು ನೆಮಾ ಎಂದು ಕರೆಯುವ ರಾಷ್ಟ್ರೀಯ ಪರಿಸರ ನಿರ್ವಹಣಾ ಪ್ರಾಧಿಕಾರ. ಮೇಲಿನ ಲೆಕ್ಕದ ಜೊತೆ ಇಟ್ಟು ನೋಡಿದರೆ ಈ ಮಿತಿ ಸಡಿಲವಾದದ್ದೇನೂ ಅಲ್ಲ. ಮನೆಯ ಬಳಿಯಲ್ಲಿ ಅಳೆಯದೆ ಕ್ವಾರಿಯ ಗಡಿಯಲ್ಲೇ ಅಳೆಯಬೇಕೆನ್ನುವುದು ಇದರ ಗಟ್ಟಿತನ.

ಆದರೆ ಗೋಡೆಗೆ ವೇಗವೊಂದೇ ಮುಖ್ಯವಲ್ಲ, ಸೆಕೆಂಡಿಗೆ ಎಷ್ಟು ಸಲ ತೂಗಿತು ಎಂಬುದೂ ಮುಖ್ಯ. ಒಂದೆರಡು ಅಂತಸ್ತಿನ ಮನೆಗೆ ತನ್ನದೇ ಆದ ತೂಗಾಟದ ಲಯವಿರುತ್ತದೆ. ಅದು ಸುಮಾರು 4ರಿಂದ 12 ಹರ್ಟ್ಸ್. ನೆಲದಿಂದ ಬರುವ ಅಲೆ ಅದೇ ಲಯದಲ್ಲಿದ್ದರೆ ಮನೆ ಅದರ ಜೊತೆ ಸೇರಿ ಜೋರಾಗಿ ಅಲುಗುತ್ತದೆ, ಮೇಲಂತಸ್ತಿನ ಚಲನೆ ನೆಲದ್ದಕ್ಕಿಂತ ಹಲವು ಪಟ್ಟಾಗಬಹುದು. ಅಲೆ 40 ಹರ್ಟ್ಸ್ ಮೇಲಿದ್ದರೆ ಮನೆ ಅದನ್ನು ಹೆಚ್ಚು ಮೈಗೆ ಹಚ್ಚಿಕೊಳ್ಳುವುದಿಲ್ಲ. ಕುಳಿಯ ಹತ್ತಿರ, ಗಟ್ಟಿ ಬಂಡೆಯಲ್ಲಿ ಅಲೆಗಳು ಚುರುಕಾಗಿರುತ್ತವೆ. ದೂರ ಹೋದಂತೆ, ಮೆತ್ತನೆ ಮಣ್ಣಿಗೆ ಬಂದಂತೆ ಚುರುಕು ಅಲೆಗಳು ಸೋತು ನಿಧಾನದವು ಉಳಿಯುತ್ತವೆ. ಹಾಗಾಗಿ ಹತ್ತಿರದ ಮನೆ ಏನೂ ಆಗದೆ ಉಳಿದು ಅದಕ್ಕಿಂತ ದೂರದ್ದು ಬಿರಿದರೆ ಅದನ್ನು ಕಟ್ಟುಕತೆ ಎಂದು ತಳ್ಳಿಹಾಕಲಾಗದು.

ನೈರೋಬಿಯ ನೆಲ ಇಂಥ ಆಟಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಗಟ್ಟಿ ಫೋನೊಲೈಟ್ ಮತ್ತು ಟ್ರಾಕೈಟ್ ಲಾವಾದ ಹಾಸುಗಳ ನಡುನಡುವೆ ಟಫ್ ಮತ್ತು ಹಳೆಯ ಕೆರೆಯ ತಳದ ಮೆತ್ತನೆ ಪದರಗಳಿವೆ. ಅಥಿ ಬಯಲಿನ ಕಡೆ ಇದೆಲ್ಲದರ ಮೇಲೆ ಕಪ್ಪು ಮಣ್ಣು. ಗಟ್ಟಿಯದು ಮೆತ್ತನೆಯದಕ್ಕೆ ತಾಗುವ ಪ್ರತಿ ಗಡಿಯಲ್ಲೂ ಅಲೆ ಒಂದಿಷ್ಟು ಮರಳುತ್ತದೆ, ಒಂದಿಷ್ಟು ಬಾಗುತ್ತದೆ, ಮೇಲಿನ ಮೆತ್ತನೆ ಪದರದಲ್ಲಿ ಸಿಕ್ಕಿಬಿದ್ದು ಹಿಗ್ಗುತ್ತದೆ. ಬೇರೊಂದು ದೇಶದ ಸಾಧಾರಣ ನೆಲದ ಗುಣಾಂಕ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಕ್ವಾರಿ ಕ್ವಾರಿಗೂ, ಅದೇ ಕ್ವಾರಿಯ ದಿಕ್ಕು ದಿಕ್ಕಿಗೂ ಅಳೆದೇ ಗುಣಾಂಕ ಕಂಡುಕೊಳ್ಳಬೇಕು.

ಭಾರತದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಸುತ್ತೋಲೆ ಅಲೆಯ ಲಯ ನೋಡಿಯೇ ಮೂರು ಮೆಟ್ಟಿಲಿನ ಮಿತಿ ಹಾಕಿದೆ. ಗಣಿ ಮಾಲೀಕನಿಗೆ ಸೇರದ ವಾಸದ ಮನೆಗೆ ಕಂಪನ 8 ಹರ್ಟ್ಸ್‌ಗಿಂತ ಕಡಿಮೆ ಇದ್ದರೆ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25ರ ನಡುವೆ 10, ಅದಕ್ಕೂ ಮೇಲೆ 15. ಐತಿಹಾಸಿಕ ಮತ್ತು ನಾಜೂಕು ಕಟ್ಟಡಗಳಿಗೆ ಇದು 2, 5, 10. ಕೀನ್ಯಾದ ಒಂದೇ ಸಂಖ್ಯೆ ವಾಸದ ಮನೆಗಳಿಗಿರುವ ನಮ್ಮ ಅತಿ ಬಿಗಿಯಾದ ಮೆಟ್ಟಿಲಿಗೆ ಸಮ. ಕಾಗದದ ಮೇಲೆ ಅವರದು ನಮ್ಮದಕ್ಕಿಂತ ಕಟ್ಟುನಿಟ್ಟು ಎನ್ನಬಹುದು.

ಈ ಮಿತಿಗಳ ಹಿಂದಿನ ದೊಡ್ಡ ಅಧ್ಯಯನಗಳು ನಡೆದದ್ದು ಎಲ್ಲಿ? ಅಮೆರಿಕದ ಗಣಿ ಬ್ಯೂರೋದಲ್ಲಿ. 1980ರಲ್ಲಿ ಅದು ಹೊರತಂದ ವರದಿ ಕಡಿಮೆ ಆವರ್ತನದ ಕಂಪನಕ್ಕೆ ಹಳೆಯ ಗಾರೆ ಗೋಡೆಯ ಮನೆಗಳಲ್ಲಿ ಸೆಕೆಂಡಿಗೆ 12.7 ಮಿಲಿಮೀಟರ್, ಹೊಸ ಜಿಪ್ಸಂ ಹಲಗೆಯ ಗೋಡೆಗಳಲ್ಲಿ 19 ಮಿಲಿಮೀಟರ್ ಸುರಕ್ಷಿತ ಎಂದಿತು. 1984ರ ಇನ್ನೊಂದು ವರದಿ ಇನ್ನೂ ಸ್ವಾರಸ್ಯದ್ದು. ಇಂಡಿಯಾನಾ ರಾಜ್ಯದ ಒಂದು ಪರೀಕ್ಷಾ ಮನೆಯನ್ನು ಯಂತ್ರದಿಂದ ಅಲುಗಿಸುತ್ತ ಹೋದಾಗ ಮೊದಲ ಬಿರುಕು ಕಂಡದ್ದು 56,000 ಆವರ್ತಗಳ ನಂತರ. ದಿನಕ್ಕೆ ಎರಡು ಸ್ಫೋಟದಂತೆ 28 ವರ್ಷಕ್ಕೆ ಇದು ಸಮ ಎಂದು ಲೆಕ್ಕ ಹಾಕಿದರು. ಬಾಗಿಲು ದಢಾರನೆ ಹಾಕುವುದು, ಗೋಡೆಗೆ ಮೊಳೆ ಹೊಡೆಯುವುದು, ದಿನದ ಬಿಸಿಲು ತೇವಗಳ ಏರಿಳಿತ ಕೂಡ ಗೋಡೆಯಲ್ಲಿ ಸ್ಫೋಟದಷ್ಟೇ ಸೆಳೆತ ಹುಟ್ಟಿಸುತ್ತವೆ ಎಂದೂ ತೋರಿಸಿದರು.

ಕ್ವಾರಿ ಪರ ವಾದಿಸುವವರು ಈ ಅಧ್ಯಯನವನ್ನು ಎತ್ತಿ ತೋರಿಸದೆ ಇರುವುದಿಲ್ಲ. ಅದರ ವಿಜ್ಞಾನದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಮನೆ ಮರದ ಚೌಕಟ್ಟಿನದು, ಬಾಗಿ ಮತ್ತೆ ನೆಟ್ಟಗಾಗುವ ಗುಣದ್ದು. ನೈರೋಬಿಯ ಅಂಚಿನ ಮನೆ ಟಫ್ ಕಲ್ಲಿನದು, ಎಷ್ಟೋ ಕಡೆ ಸಿಮೆಂಟು ಉಳಿಸಿ ಮರಳು ಹೆಚ್ಚು ಮಾಡಿದ ಗಾರೆಯದು. ನಮ್ಮ ಹಳ್ಳಿಯ ಮನೆ ಕೆಸರು ಗಾರೆಯ ಕಲ್ಲುಗೋಡೆಯದು, ಹೆಚ್ಚೆಂದರೆ ಮೇಲೊಂದು ಗಿಲಾವು. ಕಲ್ಲು ಗಾರೆಯ ಗೋಡೆ ಒತ್ತಡವನ್ನು ಎಷ್ಟಾದರೂ ತಾಳುತ್ತದೆ, ಎಳೆತ ಮಾತ್ರ ಅದಕ್ಕಾಗದು. ಅಲೆ ಹಾದುಹೋಗುವಾಗ ಅದಕ್ಕೆ ಸಿಗುವುದು ಎಳೆತವೇ. ಕಾಂಕ್ರೀಟ್ ಕಾಲಂ ಬೀಮುಗಳ ನಡುವೆ ಕಲ್ಲು ತುಂಬಿದ ನೈರೋಬಿಯ ಬಹುಮಹಡಿ ಕಟ್ಟಡಗಳಲ್ಲಿ ಮೊದಲು ಬಿಟ್ಟುಕೊಳ್ಳುವುದು ಗೋಡೆ ಬೀಮಿಗೆ ತಾಗುವ ಗೆರೆ. ಅಲ್ಲಿ ಎರಡು ಬೇರೆ ಸ್ವಭಾವದ ವಸ್ತುಗಳು ಅಂಟಿಕೊಂಡಿರುತ್ತವೆ.

ಕಪ್ಪು ಮಣ್ಣಿನ ಸಾಕ್ಷಿ

ಕ್ವಾರಿಯವರ ಮಾತಿನಲ್ಲಿ ತಥ್ಯವಿರುವುದು ಇಲ್ಲಿ. ನೈರೋಬಿಯ ಪಶ್ಚಿಮದ ಎತ್ತರದ ಬಡಾವಣೆಗಳದು ಕೆಮ್ಮಣ್ಣು. ಕ್ವಾರಿಗಳಿರುವ ಪೂರ್ವ ಮತ್ತು ಆಗ್ನೇಯದ ಬಯಲು ಬಹುಮಟ್ಟಿಗೆ ಕಪ್ಪು ಮಣ್ಣು. ಧಾರವಾಡ, ಗದಗ, ಕಲಬುರಗಿಯ ಓದುಗರಿಗೆ ಇದು ಮನೆಯ ಮಾತು. ನಮ್ಮ ಎರೆಮಣ್ಣಿನ ಹಾಗೆಯೇ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ನೈರೋಬಿಗೆ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇ ತನಕ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಸಣ್ಣ ಮಳೆ. ಹಾಗಾಗಿ ಅಲ್ಲಿಯ ಪಾಯ ವರ್ಷಕ್ಕೆ ಎರಡು ಸಲ ಎದ್ದು ಎರಡು ಸಲ ಕೂರುತ್ತದೆ. ತಿಳಿದ ಮೇಸ್ತ್ರಿಗಳು, ಅಲ್ಲಿಯವರು ಫುಂಡಿ ಎನ್ನುತ್ತಾರೆ, ಕಪ್ಪು ಮಣ್ಣನ್ನು ಬಂಡೆ ಸಿಗುವವರೆಗೆ ತೆಗೆಸಿ, ಗಟ್ಟಿ ಕಲ್ಲು ಮೊರಂ ತುಂಬಿಸಿ ಆಮೇಲೆ ಪಾಯ ಎಬ್ಬಿಸುತ್ತಾರೆ. ಕಾಸಿಲ್ಲದವರು ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಆ ಮಣ್ಣಿನಿಂದಾದ ಬಿರುಕಿಗೂ ಕಂಪನದಿಂದಾದ ಬಿರುಕಿಗೂ ಕಣ್ಣಿಗೆ ಕಾಣುವ ಗುರುತುಗಳಿವೆ. ಮಣ್ಣು ಕುಸಿದ ಬಿರುಕು ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಗಾರೆಯ ಸಂದಿನಲ್ಲಿ ಏರುತ್ತದೆ, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಸಣ್ಣದಾಗುತ್ತದೆ. ಮಳೆಗಾಲಕ್ಕೆ ಮುಚ್ಚಿಕೊಂಡು ಬೇಸಗೆಗೆ ಮತ್ತೆ ತೆರೆದುಕೊಳ್ಳುತ್ತದೆ. ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುವುದು ಅದರ ಜೊತೆಯ ಲಕ್ಷಣ. ಬಲವಾದ ಕಂಪನದ ಬಿರುಕು ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಡುತ್ತದೆ, ಕೆಲವೊಮ್ಮೆ ಎರಡು ಓರೆ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಹೊಸ ಬಿರುಕಿನ ಅಂಚು ಚೂಪಾಗಿ, ಒಳಗೆ ಸ್ವಚ್ಛವಾಗಿರುತ್ತದೆ. ಹಳೆಯದರಲ್ಲಿ ಧೂಳು, ಜೇಡನ ಬಲೆ, ಎಷ್ಟೋ ಸಲ ಹಿಂದಿನ ಸಲ ಬಳಿದ ಬಣ್ಣವೇ ಒಳಗೆ ಇಳಿದಿರುತ್ತದೆ.

ಇಷ್ಟು ತಿಳಿದರೆ ತೀರ್ಪು ಸುಲಭ ಎನಿಸಬಹುದು. ಸುಲಭವಿಲ್ಲ. ಮಣ್ಣು ವರ್ಷಗಟ್ಟಲೆ ಎಳೆದು ಎಳೆದು ಗೋಡೆಯನ್ನು ಒಡೆಯುವ ಅಂಚಿಗೆ ತಂದಿರುತ್ತದೆ. ಕೊನೆಯ ಸಣ್ಣ ತಳ್ಳು ಸ್ಫೋಟದ್ದಾಗಿರುತ್ತದೆ. ಆಗ ಬಿರುಕು ಯಾರದು? ಸೆಳೆತ ಮಣ್ಣಿನದು, ಆ ಘಳಿಗೆ ಸ್ಫೋಟದ್ದು. ‘ಕಟ್ಟಡ ಮೊದಲೇ ಸೋತಿತ್ತು’ ಎನ್ನುವುದು ಕ್ವಾರಿಗೆ ಬಿಡುಗಡೆಯ ಪತ್ರ ಆಗಬಾರದು ಎಂಬುದು ನನ್ನ ನಿಲುವು. ಸೋತ ಗೋಡೆಯ ಮನೆಗಳೇ ಸುತ್ತ ಇರುವ ಕಡೆ ಮದ್ದಿನ ಕಂತು ಇನ್ನೂ ಸಣ್ಣದಿರಬೇಕು. 2016ರ ಏಪ್ರಿಲ್‌ನಲ್ಲಿ ಭಾರಿ ಮಳೆಯ ನಂತರ ನೈರೋಬಿಯ ಹುರುಮಾದಲ್ಲಿ ಆರು ಅಂತಸ್ತಿನ ವಸತಿ ಕಟ್ಟಡವೊಂದು ಕುಸಿದು ಸುಮಾರು 50 ಜನ ಸತ್ತರು. ಅದಕ್ಕೂ ಕ್ವಾರಿಗೂ ಸಂಬಂಧವಿಲ್ಲ. ಆದರೆ ಇಂಥ ಕಟ್ಟಡಗಳಲ್ಲಿ ಜನ ಬದುಕುವ ಊರಿನಲ್ಲಿ ನಾವು ಮಿತಿ ನಿಗದಿ ಮಾಡುತ್ತಿದ್ದೇವೆ ಎಂಬುದು ನೆನಪಿರಬೇಕು.

ಅಣೆಕಟ್ಟು ಮತ್ತು ಮನೆ

ನಮ್ಮಲ್ಲಿ ಈ ಪ್ರಶ್ನೆ ದೊಡ್ಡ ಸದ್ದು ಮಾಡಿದ್ದು ಮಂಡ್ಯ ಜಿಲ್ಲೆಯಲ್ಲಿ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕ್ವಾರಿಗಳಿಂದ ಕೆಆರ್‌ಎಸ್‌ಗೆ ಧಕ್ಕೆಯಾಗುತ್ತದೆಯೇ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. ಸುರ್ಕಿ ಗಾರೆಯ ಆ ಕಟ್ಟೆ ಶುರುವಾದದ್ದು 1911ರಲ್ಲಿ. ಸಿಮೆಂಟು ಕಾಂಕ್ರೀಟಿನ ಇಂದಿನ ಅಣೆಕಟ್ಟುಗಳ ಲೆಕ್ಕ ಅದಕ್ಕೆ ನೇರವಾಗಿ ಹಿಡಿಸದು. 2022ರ ಜುಲೈನಲ್ಲಿ ಧನಬಾದಿನಿಂದ ವಿಜ್ಞಾನಿಗಳು ಪ್ರಾಯೋಗಿಕ ಸ್ಫೋಟ ಮಾಡಿ ಅಳೆಯಲು ಬಂದಾಗ ರೈತರು ವಿರೋಧಿಸಿ ನಿಂತರು, ಪ್ರಯೋಗ ನಿಂತಿತು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ 20 ಕಿಲೋಮೀಟರ್ ಸುತ್ತ ಗಣಿಗಾರಿಕೆಯನ್ನು ತಡೆಯಿತು.

ಮೇಲಿನ ಸೂತ್ರವನ್ನೇ ಇಲ್ಲಿ ಹಾಕಿದರೆ, ಒಂದು ಕ್ಷಣಕ್ಕೆ 100 ಕೆ.ಜಿ. ಮದ್ದು ಸಿಡಿದಾಗ 10 ಕಿಲೋಮೀಟರ್ ದೂರದಲ್ಲಿ ಬರುವ ಕಂಪನ ಸೆಕೆಂಡಿಗೆ ಸುಮಾರು 0.02 ಮಿಲಿಮೀಟರ್. ಮೈಗೆ ಗೊತ್ತಾಗದಷ್ಟು ಕಡಿಮೆ. ಈ ಲೆಕ್ಕದಿಂದ ನ್ಯಾಯಾಲಯದ ಎಚ್ಚರಿಕೆ ತಪ್ಪೆಂದು ಹೇಳಲು ನಾನು ಹೊರಟಿಲ್ಲ. ಆ ಕಟ್ಟೆಗೆ ಬದಲಿಯಿಲ್ಲ, ಅಕ್ರಮ ಕ್ವಾರಿಯವನು ಎಷ್ಟು ಮದ್ದು ತುಂಬುತ್ತಾನೆ ಎಂಬುದಕ್ಕೆ ಖಾತೆಯಿಲ್ಲ, ಅಂಥ ಕಡೆ ಎಚ್ಚರವೇ ಸರಿ. ನನ್ನ ಸಂಕಟ ಬೇರೆ. ಅಣೆಕಟ್ಟೆಯ ಮಾತು ಎದ್ದಮೇಲೆ ಬೆಟ್ಟದ ಬುಡದ ಹಳ್ಳಿಗಳ ಗೋಡೆಗಳು ಚರ್ಚೆಯಿಂದಲೇ ಮಾಯವಾದವು. ಬೇಬಿ, ಚಿನಕುರಳಿ ಕಡೆಯ ಜನ ಮನೆ ಬಿರುಕು ಬಿಟ್ಟಿದೆ ಎಂದು ಹೇಳುತ್ತಲೇ ಇದ್ದರು. ಅಣೆಕಟ್ಟೆಗೆ ಹತ್ತು ಕಿಲೋಮೀಟರ್ ದೂರ. ಕ್ವಾರಿ ಬುಡದ ಮನೆಗೆ ಕೆಲವು ನೂರು ಮೀಟರ್. ಇಷ್ಟು ಹತ್ತಿರದ ಗೋಡೆಯನ್ನು ಮೊದಲು ಅಳೆಯಬೇಕಿತ್ತು.

ಅಳೆಯಬಲ್ಲವರು ನಮ್ಮಲ್ಲೇ ಇದ್ದಾರೆ. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯೂರಿನಲ್ಲಿ. ಸಾವಿರಾರು ಅಡಿ ಆಳದಲ್ಲಿ ಬಂಡೆ ತಾನಾಗಿ ಸಿಡಿಯುವ ರಾಕ್‌ಬರ್ಸ್ಟ್ ಕೆಜಿಎಫ್‌ನ ಕಾರ್ಮಿಕ ಕುಟುಂಬಗಳಿಗೆ ತಲೆಮಾರುಗಳ ಅನುಭವ. ಕೆಳಗೆ ಬಂಡೆ ಬಿರಿದರೆ ಮೇಲೆ ಮನೆ ನಡುಗುತ್ತಿತ್ತು. ಬೆಂಗಳೂರು ಮೆಟ್ರೊದ ನೆಲದಡಿಯ ನಿಲ್ದಾಣಗಳಿಗೆ ಗ್ರಾನೈಟ್ ಒಡೆಯುವಾಗಲೂ ಸಣ್ಣ ಸಣ್ಣ ಕಂತಿನ ನಿಯಂತ್ರಿತ ಸ್ಫೋಟವನ್ನು ಅಳತೆ ಇಟ್ಟುಕೊಂಡೇ ಮಾಡಿದರು. ನಗರದ ನಡುವೆ ಸಾಧ್ಯವಾದದ್ದು ಹಳ್ಳಿಯ ಅಂಚಿನಲ್ಲಿ ಯಾಕೆ ಸಾಧ್ಯವಿಲ್ಲ?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮೊದಲ ಸ್ಫೋಟಕ್ಕೆ ಮುಂಚೆಯೇ ಸುತ್ತಲಿನ ಪ್ರತಿ ಮನೆಯ ಗೋಡೆಗಳ ಫೋಟೊ ತೆಗೆದು, ಇರುವ ಬಿರುಕುಗಳ ಉದ್ದ ಅಗಲ ಬರೆದು, ಮನೆಯವರ ಕೈಗೂ ಒಂದು ಪ್ರತಿ ಕೊಡುವುದು. ಎಲ್ಲಕ್ಕಿಂತ ಹತ್ತಿರದ ಮನೆಯ ಬಳಿ ನೆಲದಲ್ಲಿ ಕಂಪನಮಾಪಕ ಹೂಳುವುದು. ಪ್ರತಿ ಸ್ಫೋಟದ ದಿನಾಂಕ, ಹೊತ್ತು, ಕಂತಿನ ಮದ್ದು, ವೇಗ, ಆವರ್ತನವನ್ನು ಊರವರು ಓದುವಲ್ಲಿ ಅಂಟಿಸುವುದು. ಕ್ವಾರಿ ಇದನ್ನು ಮಾಡದಿದ್ದರೆ ಮನೆಯವರೇ ಕೆಲವನ್ನು ಮಾಡಿಕೊಳ್ಳಬಹುದು. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯುವುದು, ಬಿರುಕಿಗೆ ಅಡ್ಡವಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನು ಸಿಮೆಂಟಿನಲ್ಲಿ ಕೂರಿಸುವುದು. ಬಿರುಕು ಅಲುಗಿದರೆ ಗಾಜು ಸೀಳುತ್ತದೆ. ಯಾವಾಗ ಮಳೆ ಬಂತು, ಯಾವಾಗ ಬ್ಲಾಸ್ಟಿಂಗ್ ಆಯಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ಮಣ್ಣಿನದೋ ಮದ್ದಿನದೋ ಎಂಬ ಪ್ರಶ್ನೆಗೆ ಆರು ತಿಂಗಳ ಇಂಥ ಗುರುತುಗಳು ಯಾವ ವಕೀಲನಿಗಿಂತ ಚೆನ್ನಾಗಿ ಉತ್ತರ ಹೇಳುತ್ತವೆ.

ಸಾಬೀತು ಮಾಡುವ ಹೊರೆಯ ವಿಷಯದಲ್ಲಿ ಕೀನ್ಯಾ ಒಂದು ಹೆಜ್ಜೆ ಮುಂದಿದೆ. 2010ರ ಸಂವಿಧಾನದ 42ನೇ ವಿಧಿ ಶುದ್ಧ, ಆರೋಗ್ಯಕರ ಪರಿಸರವನ್ನು ಹಕ್ಕೆಂದು ಕೊಟ್ಟಿದೆ. 70ನೇ ವಿಧಿಯ ಪ್ರಕಾರ ಆ ಹಕ್ಕಿಗೆ ಭಂಗ ಬಂದಿದೆ ಅಥವಾ ಬರಲಿದೆ ಎಂದು ನ್ಯಾಯಾಲಯಕ್ಕೆ ಹೋಗುವವರು ಯಾರಿಗಾದರೂ ನಷ್ಟವೋ ಗಾಯವೋ ಆಗಿದೆ ಎಂದು ತೋರಿಸಬೇಕಾಗಿಲ್ಲ. ಅಂದರೆ ಮ್ಲೊಲೊಂಗೊದ ಒಬ್ಬ ಮನೆಯಾಕೆ ತನ್ನ ಗೋಡೆ ಬಿರಿಯುವ ತನಕ ಕಾಯಬೇಕಿಲ್ಲ, ಗಡಿಯಲ್ಲಿ 5 ಮಿಲಿಮೀಟರ್ ಮೀರುತ್ತಿದೆ ಎಂಬಷ್ಟೇ ಹಿಡಿದು ಕೇಳಬಹುದು. ಹಾಗೆ ಕೇಳಲು ಆಕೆಗೆ ಬೇಕಿರುವುದು ಒಂದು ಕಂಪನಮಾಪಕದ ದಾಖಲೆ. ಅದು ಸದ್ಯಕ್ಕೆ ಕ್ವಾರಿಯವರ ಕಚೇರಿಯ ಬೀರುವಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪರವಾನಗಿ ಕೊಡುವಾಗಲೇ ಆ ದಾಖಲೆಯ ಒಂದು ಪ್ರತಿ ನೆರೆಮನೆಗೆ ಸೇರಬೇಕು ಎಂಬ ಒಂದು ಷರತ್ತನ್ನು ನೈರೋಬಿಯ ನೆಮಾ ಸೇರಿಸಲಿ, ಬೆಂಗಳೂರಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಯೂ ಸೇರಿಸಲಿ.